ನಮ್ಮ ಮನೆಯ ಎತ್ತಿನಹೊಳೆ

ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳ ಪಟ್ಟಿಯನ್ನು ನಮ್ಮ ಕಡೆಯ ಮಕ್ಕಳು ಶಾಲೆಯಲ್ಲೇ ಬಾಯಿಪಾಠ ಮಾಡುತ್ತಾರೆ. ಕಣ್ಣಿಗಂತೂ ಕಾಣುವುದಿಲ್ಲ, ಬಾಯಲ್ಲಾದರೂ ಇರಲಿ ಅಂತ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಯಿತು, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಯಿತು, ಅರ್ಕಾವತಿ ಕನಕಪುರದ ದಾರಿ ಹಿಡಿದು ಕಾವೇರಿ ಸೇರಿತು. ಓದಿ ಬೆಂಗಳೂರು ಸೇರಿದ ಮಕ್ಕಳ ಹಾಗೆ, ಹುಟ್ಟಿದ ಊರಿನ ಕಡೆ ಒಂದೂ ತಿರುಗಿ ನೋಡಲಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಅಷ್ಟೇ: ಹುಟ್ಟಿದ್ದು ನಮ್ಮಲ್ಲಿ, ಕನ್ನಂಬಾಡಿ ಕಟ್ಟಿದ್ದು ಕಾವೇರಿಗೆ. ತಪ್ಪು ಅವರದಲ್ಲ. ಕಟ್ಟೆ ಕಟ್ಟಬೇಕೆಂದರೆ ಮೊದಲು ಹೊಳೆ ಅಂತ ಒಂದು ಇರಬೇಕಲ್ಲ. ಹೀಗಾಗಿ ಚಿಕ್ಕಬಳ್ಳಾಪುರ ಸೀಮೆಯವರಿಗೆ ನೀರು ಎಂದರೆ ಸಾವಿರ ಅಡಿ ಕೆಳಗೆ ಕೊಳವೆಬಾವಿಯಲ್ಲಿ ಸಿಕ್ಕರೆ ಸಿಕ್ಕುವ ವಸ್ತು. ಅದನ್ನು ಸುಮ್ಮಸುಮ್ಮನೆ ಕುಡಿದು ಖರ್ಚು ಮಾಡುವುದು ನಮಗೆ ದುಂದುಗಾರಿಕೆ ಅನಿಸುತ್ತದೆ.

ಇಂಥ ಸೀಮೆಯಲ್ಲಿ, ಅದೂ ಬೇಸಿಗೆಯಲ್ಲಿ, ಗುಂಪಾಗಿ ನಡೆಯುವವರಿಗೆ ನೀರು ಒದಗಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ಡಾಕ್ಟರು ನಡೆಯಿರಿ ಅಂದರು. ಒಬ್ಬನನ್ನೇ ಬಿಟ್ಟರೆ ನಾನು ಸರ್ಕಲ್ಲಿನ ಹೋಟೆಲಿನವರೆಗೆ ಮಾತ್ರ ನಡೆದು, ಅಲ್ಲಿ ವಿಶ್ರಾಂತಿ ಪಡೆಯುತ್ತೇನೆ ಎಂಬುದು ಮನೆಯವಳಿಗೆ ಗೊತ್ತು. ಕಾವಲಿಗೆ ತವರಿನವರನ್ನೇ ಕರೆಸಿದಳು. ಗೌರಿಬಿದನೂರಿನಲ್ಲಿ ಭಾವಮೈದ, ಶಿಡ್ಲಘಟ್ಟದಲ್ಲಿ ನಾದಿನಿ ಮತ್ತು ಷಡ್ಡಕ, ಚಿಂತಾಮಣಿಯಲ್ಲಿ ಅತ್ತೆ. ಬೇಸಿಗೆಯ ಭಾನುವಾರಗಳಲ್ಲಿ ಒಂದೊಂದು ಊರಿನವರದು ಒಂದೊಂದು ಸರದಿ, ಆಯಾ ಊರಿನ ಬೆಟ್ಟವೋ ದೇವಸ್ಥಾನವೋ ಗುರಿ. ಖಾತೆ ಹಂಚಿಕೆ ಆಯಿತು. ತಿಂಡಿ ನಾದಿನಿಗೆ, ಗಾಡಿ ಭಾವಮೈದನಿಗೆ, ದುಡ್ಡಿನ ಲೆಕ್ಕ ನನ್ನ ಹೆಂಡತಿಗೆ. ನನಗೆ ನೀರು. ‘ಇದೊಂದನ್ನು ಕೆಡಿಸೋಕೆ ಆಗಲ್ಲ’ ಎಂದು ಅತ್ತೆ ಸಮರ್ಥಿಸಿಕೊಂಡರು. ಚಿಂತಾಮಣಿಯವರಾದ್ದರಿಂದ ತೆಲುಗಿನಲ್ಲಿ ಹೇಳಿದರು. ಅಳಿಯನನ್ನು ಬಯ್ಯುವ ವಿಷಯದಲ್ಲಿ ಆ ಭಾಷೆಗೆ ಕನ್ನಡಕ್ಕಿಂತ ತುಸು ಉಪ್ಪುಕಾರ ಹೆಚ್ಚು.

ಖಾತೆ ಸಿಕ್ಕ ಮಂತ್ರಿ ಮೊದಲು ಮಾಡುವುದು ಅಧ್ಯಯನ ಪ್ರವಾಸ. ನಾನು ಕುರ್ಚಿಯಲ್ಲಿ ಕೂತೇ ಮಾಡಿದೆ. ಬಿಸಿಲಲ್ಲಿ ದುಡಿಯುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು, ಬಾಯಾರುವ ತನಕ ಕಾಯಬಾರದು ಎಂದು ಓದಿದೆ. ಒಂದು ತಲೆಗೆ ಇಷ್ಟು, ಇಷ್ಟು ತಲೆಗೆ ಎಷ್ಟು ಎಂದು ಗುಣಿಸಿದೆ. ಉತ್ತರ ಬಂದಾಗ ನನಗೆ ಮೂರ್ಛೆ ಬರುವುದೊಂದು ಬಾಕಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ ಎಂಬ ಸತ್ಯವನ್ನು ಹೈಸ್ಕೂಲಿನಲ್ಲಿ ಕಲಿತಿದ್ದೆ, ಬೆನ್ನು ಅದನ್ನು ಕಲಿತದ್ದು ಈಗ. ‘ಆಳಿಗೊಂದು ಸೀಸೆ ಕೊಟ್ಟುಬಿಡ್ರೀ, ಅವರವರದು ಅವರವರು ಹೊತ್ಕೊಳ್ಳಲಿ’ ಎಂದಳು ಹೆಂಡತಿ. ಹಾಗೆ ಹಂಚಿಬಿಟ್ಟರೆ ಖಾತೆಯಲ್ಲಿ ಉಳಿಯುವುದೇನು? ಅಧಿಕಾರ ವಿಕೇಂದ್ರೀಕರಣಕ್ಕೆ ನಾನು ಒಪ್ಪಲಿಲ್ಲ. ಮಗನ ಹಳೆಯ ಕಾಲೇಜು ಬ್ಯಾಗಿಗೆ ಎಲ್ಲ ಸೀಸೆಗಳನ್ನೂ ತುಂಬಿ ನಾನೇ ಹೊತ್ತೆ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ನಂದಿಯ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ದಾರಿ. ಬೆಟ್ಟದ ಎತ್ತರ 1,478 ಮೀಟರ್, ನಮ್ಮ ಚಿಕ್ಕಬಳ್ಳಾಪುರ ಊರೇ 900 ಮೀಟರಿನ ಮೇಲಿರುವುದರಿಂದ ಉಳಿದದ್ದನ್ನು ಮಾತ್ರ ಹತ್ತಿದರೆ ಸಾಕು ಎಂದು ಎಲ್ಲರಿಗೂ ಧೈರ್ಯ ಹೇಳಿದ್ದವನು ನಾನೇ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಈ ಬೆಟ್ಟದ ಕೋಟೆ ಹಿಡಿಯಲು ವಾರಗಟ್ಟಲೆ ಹೆಣಗಾಡಿತ್ತು. ಅವರಿಗಿಂತ ಬೇಗ ತಲುಪುವ ಭರವಸೆ ನನಗಿತ್ತು. ಆದರೆ ಹೊರೆ ಹೊತ್ತವನು ಹಿಂದೆ ಬೀಳುತ್ತಾನೆ, ಹಿಂದೆ ಬಿದ್ದವನ ಬೆನ್ನಲ್ಲೇ ಎಲ್ಲರ ನೀರೂ ಇದೆ. ಮುಂದೆ ಹೋದವರು ಬಂಡೆಯ ಮೇಲೆ ಕೂತು ಒಣಗುತ್ತಿದ್ದಾರೆ. ಮೇಲಿನಿಂದ ಅತ್ತೆಯ ಕೂಗು: ‘ಅಲ್ಲುಡುಗಾರೂ, ನೀಳ್ಳು ಎಕ್ಕಡ?’ ಅಳಿಯಂದಿರೇ, ನೀರೆಲ್ಲಿ? ನಾನು ಕೆಳಗಿನಿಂದ ಕೂಗಿದೆ: ‘ಬರ್ತಾ ಇದೆ!’

ಭಾವಮೈದ ಬಿದ್ದು ಬಿದ್ದು ನಕ್ಕ. ‘ಭಾವ, ನಿಮಗೆ ಎತ್ತಿನಹೊಳೆ ಅಂತ ಹೆಸರಿಡಬೇಕು’ ಎಂದ. ಇಟ್ಟೂಬಿಟ್ಟ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಬರದ ಜಿಲ್ಲೆಗಳಿಗೆ ತರುತ್ತೇವೆಂದು 2014ರಲ್ಲಿ ಕಲ್ಲು ನೆಟ್ಟ ಯೋಜನೆ ಅದು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತದ ಉದ್ಘಾಟನೆಯೂ ಆಯಿತು. ಭಾವಮೈದ ಹೆಸರಿಟ್ಟ ದಿನದಿಂದ ನಮ್ಮ ಮನೆಯ ಮಕ್ಕಳು ಕೂಡ ‘ದೊಡ್ಡಪ್ಪ ಈಗ ಎಲ್ಲಿದ್ದಾರೆ?’ ಎಂದು ಕೇಳುವುದಿಲ್ಲ. ‘ಎತ್ತಿನಹೊಳೆ ಸಕಲೇಶಪುರ ಬಿಡ್ತಾ?’ ಎನ್ನುತ್ತಾರೆ.

ನನಗೆ ಸಿಟ್ಟು ಬಂದದ್ದು ಹೆಸರಿಗಲ್ಲ. ಗುಂಪಿನ ನಡಿಗೆಯಲ್ಲಿ ಒಂದು ಘೋರ ಅನ್ಯಾಯವಿದೆ, ಅದನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ. ಚುರುಕಾಗಿ ನಡೆಯುವವರು ಮುಂದೆ ಹೋಗಿ ಮರದ ನೆರಳಲ್ಲಿ ಕೂರುತ್ತಾರೆ. ಬೆವರು ಒರೆಸಿಕೊಳ್ಳುತ್ತಾರೆ, ಕಡಲೆಕಾಯಿ ಸುಲಿಯುತ್ತಾರೆ, ನಮ್ಮ ವಿಚಾರ ಮಾತಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ನಿಧಾನದವನು ಏದುಸಿರು ಬಿಡುತ್ತಾ ಬಂದು ತಲುಪುತ್ತಾನೆ. ತಲುಪಿದ ತಕ್ಷಣ ಅವರೆಲ್ಲ ಎದ್ದು ಪ್ಯಾಂಟು ಕೊಡವಿಕೊಂಡು, ‘ಬಂದ್ರಾ? ಸರಿ, ಹೊರಡೋಣ’ ಎನ್ನುತ್ತಾರೆ! ವಿಶ್ರಾಂತಿ ಬೇಕಿಲ್ಲದವರಿಗೆ ಹತ್ತು ನಿಮಿಷ, ಬೇಕಾದವನಿಗೆ ಸೊನ್ನೆ. ಕೂರದವನು ಕುಡಿಯುವುದಿಲ್ಲ, ಕುಡಿಯದವನು ಇನ್ನೂ ನಿಧಾನವಾಗುತ್ತಾನೆ, ನಿಧಾನವಾದವನಿಗೆ ಮುಂದಿನ ಮರದ ಕೆಳಗೂ ಅದೇ ‘ಬಂದ್ರಾ?’. ಬಿಸಿಲಲ್ಲಿ ತಲೆ ಸುತ್ತಿ ಬೀಳುವವನು ಸಾಮಾನ್ಯವಾಗಿ ಇವನೇ. ಬಿದ್ದ ಮೇಲೆ ಎಲ್ಲರೂ, ‘ನೀರು ಕುಡಿದಿರಲಿಲ್ಲ ಅನ್ಸುತ್ತೆ’ ಎನ್ನುತ್ತಾರೆ. ಕುಡಿಯಲು ಯಾವಾಗ ಬಿಟ್ಟಿರಿ, ಸ್ವಾಮಿ?

ಹೊರೆ ಇಳಿಸುವ ಉಪಾಯವೊಂದು ನನಗೆ ಹೊಳೆಯಿತು. ಬ್ಯಾಗಿನ ನೀರನ್ನು ನಾನೇ ಕುಡಿಯುತ್ತಾ ಹೋದರೆ ಬ್ಯಾಗು ಹಗುರ. ಎರಡು ಸೀಸೆ ಮುಗಿಸಿದ ಮೇಲೆ ಬೆನ್ನಿನ ಭಾರ ಹೊಟ್ಟೆಗೆ ಬಂತು, ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ಗುಳುಗುಳು ಸದ್ದು. ಷಡ್ಡಕ, ‘ಅಣ್ಣಾ, ಕೆರೆ ತುಂಬ್ತು’ ಎಂದ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಯೋಜನೆಯ ಕಡೆ ಅವನ ಮಾತಿನ ತುದಿಯಿತ್ತು. ನಾನು ಕೇಳಿಸದವನ ಹಾಗಿದ್ದೆ. ಬರೀ ನೀರನ್ನು ಮಿತಿಮೀರಿ ಸುರಿದುಕೊಂಡರೂ ಅಪಾಯವೇ ಎಂದು ನಾನು ಓದಿದ್ದು ಅದರ ನಂತರ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ದಾರಿಯಲ್ಲಿ ವಿಪರೀತ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಹೆಚ್ಚು. ಓಡಿ ತೂಕ ಹೆಚ್ಚಿಸಿಕೊಂಡವರೂ ಲೋಕದಲ್ಲಿದ್ದಾರೆ ಎಂದು ತಿಳಿದು ನನಗೆ ಸಮಾಧಾನವಾಯಿತು.

ಅಲ್ಲಿಂದ ನನ್ನ ಆಡಳಿತದ ಎರಡನೇ ಘಟ್ಟ ಶುರು: ಉಪ್ಪಿನ ನೀತಿ. ಮೆಡಿಕಲ್ ಸ್ಟೋರಿನಲ್ಲಿ ಓಆರ್‌ಎಸ್ ಪುಡಿ ತಂದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸಕ್ಕರೆ, ನೀರು ಬೆರೆಸಿ ಡ್ರಮ್ಮಿನಲ್ಲಿಟ್ಟು ಸಾವಿರಾರು ಜೀವ ಉಳಿಸಿದರು. ಸತ್ತ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು. ಈ ಕತೆಯನ್ನು ನಾನು ಗೌರಿಬಿದನೂರು ದಾರಿಯಲ್ಲಿ ಗಾಡಿಯಲ್ಲಿ ಸವಿಸ್ತಾರವಾಗಿ ಹೇಳಿದೆ. ಮಹಲನಾಬಿಸ್‌ರ ಹೆಸರು ಮುಗಿಯುವಷ್ಟರಲ್ಲಿ ಅತ್ತೆ ನಿದ್ದೆ ಹೋಗಿದ್ದರು. ಷಡ್ಡಕನೊಬ್ಬ ಶ್ರದ್ಧೆಯಿಂದ ಕೇಳಿ, ಪೊಟ್ಟಣ ಇಸಿದುಕೊಂಡು, ಪೂರ್ತಿ ಲೀಟರಿಗೆ ಹಾಕಬೇಕಾದ 20.5 ಗ್ರಾಂ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದು, ಕಲಕಿ, ಕುಡಿಯಲು ಎತ್ತಿದ. ‘ದಪ್ಪಗಿದ್ರೆ ಶಕ್ತಿ ಜಾಸ್ತಿ ಅಲ್ವಾ ಅಣ್ಣಾ?’ ಲೋಟ ಕಿತ್ತುಕೊಂಡೆ. ಅಷ್ಟು ಮಂದವಾದ ಉಪ್ಪುಸಕ್ಕರೆ ಕರುಳಿನೊಳಗೆ ಹೋದರೆ ಮೈಯ ನೀರನ್ನೇ ಹೊರಗೆ ಎಳೆಯುತ್ತದೆ. ಲೀಟರ್ ಅಂದರೆ ಲೀಟರೇ. ಮಕ್ಕಳಿಗೆ ನಾದಿನಿ ತಂದಿದ್ದ ಬಣ್ಣದ ಡಬ್ಬಿಯ ಸಿಹಿ ಪಾನೀಯವನ್ನೂ ನಾನು ತಡೆಹಿಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡದ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ ಎಂದು ವಿವರಿಸಿದೆ. ಮಕ್ಕಳು ಅತ್ತವು. ನೀರಿನ ಮಂತ್ರಿಯಾಗಿ ನಾನು ಗಳಿಸಿದ ಜನಪ್ರಿಯತೆ ಇಷ್ಟು.

ಗೌರಿಬಿದನೂರಿನ ಬಿಸಿಲು ಬೇರೆಯೇ ಜಾತಿ. ಊರು ಚಿಕ್ಕಬಳ್ಳಾಪುರಕ್ಕಿಂತ ಸುಮಾರು 200 ಮೀಟರ್ ತಗ್ಗಿನಲ್ಲಿದೆ, ಆ ತಗ್ಗಿನ ತುಂಬ ಸೂರ್ಯ ನಿಂತಿರುತ್ತಾನೆ. ಅಲ್ಲಿಂದ ವಿದುರಾಶ್ವತ್ಥಕ್ಕೆ ಆರೇಳು ಕಿಲೋಮೀಟರ್. ‘ಬೆಳಗ್ಗೆ ಐದಕ್ಕೆ ಹೊರಡೋಣ’ ಎಂದು ರಾತ್ರಿ ತೀರ್ಮಾನವಾಗಿತ್ತು. ನಮ್ಮ ಕುಟುಂಬದಲ್ಲಿ ಐದು ಗಂಟೆ ಎಂದರೆ ಎಲ್ಲರೂ ಏಳುವ ಬಗ್ಗೆ ಯೋಚಿಸುವ ಹೊತ್ತು. ಕಾಫಿ ಆಯಿತು, ಇನ್ನೊಮ್ಮೆ ಕಾಫಿ ಆಯಿತು, ಬಿಸಿಬಿಸಿ ಇರುವಾಗಲೇ ತಿಂದುಬಿಡಿ ಎಂದು ನಾದಿನಿ ತಿಂಡಿಯ ಖಾತೆಯನ್ನು ಬೇಗನೆ ತೆರೆದಳು, ಹೂವು ಮುಡಿಯುವುದಾಯಿತು, ಒಬ್ಬರ ಚಪ್ಪಲಿ ಕಾಣೆಯಾಯಿತು. ರಸ್ತೆಗೆ ಕಾಲಿಟ್ಟಾಗ ಒಂಬತ್ತೂವರೆ. ಹನ್ನೆರಡರಿಂದ ಮೂರರವರೆಗೆ ಬಿಸಿಲಲ್ಲಿ ತಿರುಗಬೇಡಿ ಎಂದು ಸರ್ಕಾರದವರು ವರ್ಷವೂ ಹೇಳುತ್ತಾರೆ. ನಾವು ಹೋಗಿಬರುವ ಹೊತ್ತನ್ನು ಲೆಕ್ಕ ಹಾಕಿದರೆ ಅವರು ನಮ್ಮನ್ನೇ ನೋಡಿ ಹೇಳಿದಂತಿತ್ತು.

ಭಾವಮೈದನಿಗೆ ಊರಿನ ಅಭಿಮಾನ. ‘ಭಾವ, ನಮ್ಮ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದೋಕೆ ಅಂತ ಬೆಂಗಳೂರಿಗೆ ನಡ್ಕೊಂಡೇ ಹೋದರು. ನೀವು ಆರು ಕಿಲೋಮೀಟ್ರಿಗೆ ಇಷ್ಟು ಸೀಸೆ ಹೊತ್ತಿದ್ದೀರಿ’ ಎಂದ. ಅವರು ಆಗ ಹುಡುಗರು, ನಡೆದ ಮೇಲೆ ನ್ಯಾಷನಲ್ ಹೈಸ್ಕೂಲು ಸೇರಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ನಾನು ನಡೆದು ಏನಾಗಬೇಕಿದೆ? ಆದರೂ ವಿದುರಾಶ್ವತ್ಥದಲ್ಲಿ ನಮ್ಮ ಗಲಾಟೆ ತಾನಾಗಿ ನಿಂತಿತು. 1938ರ ಏಪ್ರಿಲ್ 25ರಂದು, ಇಂಥದೇ ಬಿಸಿಲಲ್ಲಿ, ಬಾವುಟ ಹಾರಿಸುವ ಹಕ್ಕಿಗಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಸ್ಮಾರಕದ ಮುಂದೆ ನಿಂತು ‘ಬಿಸಿಲು ಜಾಸ್ತಿ’ ಎಂದು ಗೊಣಗಲು ನನ್ನಂಥವನಿಗೂ ಬಾಯಿ ಬರಲಿಲ್ಲ.

ವಾಪಸು ಬರುವಾಗ ಗಮನಿಸಿದೆ: ಗಂಡಸರ ಸೀಸೆಗಳು ಖಾಲಿ, ಹೆಂಗಸರದು ತುಂಬಿದ ಹಾಗೇ ಇವೆ. ಕೂಡಲೇ ಭಾಷಣ ಆರಂಭಿಸಿದೆ. ಅದರ ಹಿಂದಿನ ವಾರ ಕುಟುಂಬದ ವಾಟ್ಸಾಪ್ ಗುಂಪಿಗೆ ಮೂತ್ರದ ಬಣ್ಣದ ಪಟ್ಟಿಯನ್ನೂ ಹಾಕಿದ್ದೆ. ತಿಳಿ ಹಳದಿಯಿದ್ದರೆ ಕ್ಷೇಮ, ಗಾಢವಾದರೆ ನೀರು ಸಾಲದು ಎಂದು. ಅತ್ತೆ ಇರುವ ಗುಂಪು ಅದು ಎಂಬುದು ಹಾಕಿದ ಮೇಲೆ ನೆನಪಾಗಿತ್ತು. ಎರಡು ದಿನ ಅಲ್ಲಿ ಯಾರೂ ಶುಭೋದಯ ಕೂಡ ಹೇಳಿರಲಿಲ್ಲ. ‘ಬಣ್ಣ ನೋಡಿಕೊಳ್ಳಿ ಅಂತ ಹೇಳಿದ್ದೆನಲ್ಲ’ ಎಂದೆ. ಹೆಂಡತಿ ನಡುರಸ್ತೆಯಲ್ಲಿ ನಿಂತಳು. ‘ರೀ, ನೋಡ್ಕೊಳ್ಳೋಣ. ಎಲ್ಲಿಗೆ ಹೋಗಿ ನೋಡ್ಕೊಳ್ಳೋದು, ಅದನ್ನ ಹೇಳಿ. ನೀವು ಗಂಡಸರು ಬೇಲಿ ಕಂಡ ಕಡೆ ತಿರುಗಿ ನಿಲ್ತೀರಿ. ನಾವು?’

ರಸ್ತೆಯ ಎರಡೂ ಬದಿ ನೋಡಿದೆ. ಕಟಾವಾದ ಹೊಲ, ಒಂದು ಪೊದೆಯಿಲ್ಲ. ಹೆಂಗಸರು ನೀರು ಕುಡಿಯದಿದ್ದುದಕ್ಕೆ ತಿಳಿವಳಿಕೆ ಸಾಲದ್ದು ಕಾರಣವಲ್ಲ, ಶೌಚಾಲಯ ಸಾಲದ್ದು ಕಾರಣ. ಯಾವ ಮಂತ್ರಿಯಾದರೂ ಬಾಯಿಯ ಬಗ್ಗೆ ಮಾತ್ರ ಯೋಜನೆ ಮಾಡಿದರೆ ಹೀಗೇ ಆಗುವುದು. ಅಂದಿನಿಂದ ನನ್ನ ಖಾತೆಯನ್ನು ಒಡೆದು ಒಳಚರಂಡಿಯನ್ನು ಹೆಂಡತಿಗೆ ಕೊಡಲಾಯಿತು. ಈಗ ದಾರಿ ಗೊತ್ತುಮಾಡುವುದು ಅವಳೇ. ಪೆಟ್ರೋಲ್ ಬಂಕು, ದೇವಸ್ಥಾನ, ಬಸ್ ಸ್ಟ್ಯಾಂಡು, ಪರಿಚಯದವರ ಮನೆ, ಇವುಗಳನ್ನು ಗುರುತು ಹಾಕಿಕೊಂಡು ನಡೆಯುತ್ತೇವೆ. ದಾರಿ ಸ್ವಲ್ಪ ಸುತ್ತಾಗುತ್ತದೆ. ಸೀಸೆಗಳು ಖಾಲಿಯಾಗುತ್ತವೆ.

ಇನ್ನು ಕೈವಾರದ ಸಂಗತಿ. ಚಿಂತಾಮಣಿ ತಾಲ್ಲೂಕಿನ ಆ ಊರಿನ ಬೆಟ್ಟದಲ್ಲೇ ಭೀಮ ಬಕಾಸುರನನ್ನು ಕೊಂದನೆಂದು ನಮ್ಮ ಕಡೆಯ ನಂಬಿಕೆ. ಬಂಡಿ ತುಂಬ ಅನ್ನ ಕೊಂಡೊಯ್ದು ತಾನೇ ತಿಂದ ಭೀಮನ ಕತೆ ಎಲ್ಲರೂ ಹೇಳುತ್ತಾರೆ, ನೀರು ಹೊತ್ತವನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ನನ್ನ ಕುಲದವನೇ ಇರಬೇಕು. ಬೆಟ್ಟ ಇಳಿಯುವಾಗ ಷಡ್ಡಕ ಬಂಡೆಗೆ ಒರಗಿ ಕುಸಿದು ಕೂತ. ಮುಖ ಬಿಳಿಚಿತ್ತು, ಮೈಯೆಲ್ಲ ಬೆವರು, ವಾಕರಿಕೆ. ನಾನು ಓದಿದ್ದೆಲ್ಲ ಆ ಕ್ಷಣ ತಲೆಯಿಂದ ಹಾರಿಹೋಯಿತು. ಬ್ಯಾಗಿನಲ್ಲಿ ಟಿಪ್ಪಣಿ ಪುಸ್ತಕ ಹುಡುಕತೊಡಗಿದೆ. ಅತ್ತೆ ಅಷ್ಟರಲ್ಲಿ ಅವನನ್ನು ನೆರಳಿಗೆ ಎಳೆಸಿ, ಅಂಗಿಯ ಗುಂಡಿ ಬಿಚ್ಚಿಸಿ, ಕಾಲಡಿಗೆ ನನ್ನ ಬ್ಯಾಗನ್ನೇ ಇಟ್ಟು, ತಮ್ಮ ಸೆರಗು ಒದ್ದೆಮಾಡಿ ಕತ್ತಿಗೆ, ಕಂಕುಳಿಗೆ ಒತ್ತುತ್ತಿದ್ದರು. ನಾದಿನಿ ಟವೆಲಿನಿಂದ ಗಾಳಿ ಹಾಕಿದಳು.

ಬುದ್ಧಿ ಸರಿಯಿದೆಯೋ ಇಲ್ಲವೋ ಎಂದು ನೋಡಬೇಕು ಎಂಬುದು ನನಗೆ ನೆನಪಾಯಿತು. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ಮೈ ಕೆಂಡವಾಗಿದ್ದರೆ ಅದು ಬಿಸಿಲಿನ ಹೊಡೆತ. ಆಗ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ನೀರು ಸುರಿದು ತಂಪು ಮಾಡುತ್ತಲೇ 108ಕ್ಕೆ ಫೋನು ಮಾಡಬೇಕು. ಏನು ಕೇಳಿ ಪರೀಕ್ಷಿಸುವುದು? ಪ್ರಧಾನಮಂತ್ರಿ ಯಾರು ಎಂದೆ. ಅವನು ಕಣ್ಣು ಬಿಡಲಿಲ್ಲ. ಎಲ್ಲರೂ ಗಾಬರಿಯಾದರು. ನಾದಿನಿ ನನ್ನನ್ನು ಪಕ್ಕಕ್ಕೆ ತಳ್ಳಿ, ‘ಏನ್ರೀ, ನೆನ್ನೆ ಮಾರ್ಕೆಟ್‌ನಲ್ಲಿ ಗೂಡು ಎಷ್ಟಕ್ಕೆ ಹೋಯ್ತು?’ ಎಂದಳು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ ಕಣ್ಣು ಮುಚ್ಚಿಕೊಂಡೇ ಸಿಬಿ ಗೂಡಿಗೆ ಎಷ್ಟು, ಬೈವೋಲ್ಟೀನ್‌ಗೆ ಎಷ್ಟು, ರೀಲರು ಎಷ್ಟು ಚೌಕಾಸಿ ಮಾಡಿದ ಎಂದು ರೂಪಾಯಿ ಸಹಿತ ಹೇಳಿದ. ಬುದ್ಧಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಎಬ್ಬಿಸಲು ಹೋದ ನನಗೆ, ‘ಅಣ್ಣಾ, ನಾಲ್ಕನೇ ಜ್ವರಕ್ಕೆ ಕೂತಿದ್ದೀನಿ, ಜ್ವರದಲ್ಲಿರೋ ಹುಳಾನ ಅಲ್ಲಾಡಿಸಬಾರದು’ ಎಂದ. ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ಅವರು ಜ್ವರ ಎನ್ನುತ್ತಾರೆ.

ಚೇತರಿಸಿಕೊಂಡ ಮೇಲೆ ಅವನೇ ಪಾಠ ಹೇಳಿದ. ‘ಬೇಸಿಗೇಲಿ ಹುಳದ ಮನೆ ಕಿಟಕಿಗೆ ಗೋಣಿಚೀಲ ಒದ್ದೆ ಮಾಡಿ ಕಟ್ತೀವಿ. ಹುಳಕ್ಕೆ ಇಪ್ಪತ್ತೆಂಟು ಡಿಗ್ರಿ ದಾಟಬಾರದು ಅಂತ ಒದ್ದಾಡ್ತೀವಿ. ನಮ್ಮ ತಲೆಗೆ ಒಂದು ಒದ್ದೆ ಟವೆಲ್ ಹಾಕ್ಕೊಳ್ಳೋಕೆ ನಾಚಿಕೆ ಪಡ್ತೀವಿ.’ ಈಗ ನಾವು ನಡೆಯುವಾಗ ಎಲ್ಲರ ಕುತ್ತಿಗೆಯಲ್ಲೂ ಒದ್ದೆ ಟವೆಲ್. ನೋಡಿದವರು ಯಾರೋ ಹೋಗಿಬಿಟ್ಟರು, ಸ್ನಾನ ಮಾಡಿಕೊಂಡು ಬರುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಕೈವಾರದಲ್ಲಿ ಅವನನ್ನು ಎಬ್ಬಿಸಿದ್ದು ನನ್ನ ಪೊಟ್ಟಣವಲ್ಲ ಎಂಬುದನ್ನು ದಾಖಲಿಸಬೇಕು. ಅತ್ತೆ ತಮ್ಮ ಬುಟ್ಟಿಯಲ್ಲಿ, ಒದ್ದೆ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿಯಲ್ಲಿ ನೀರುಮಜ್ಜಿಗೆ ತಂದಿದ್ದರು. ಉಪ್ಪು, ಶುಂಠಿ, ಕರಿಬೇವು. ಗುಟುಕು ಗುಟುಕಾಗಿ ಕುಡಿಸಿದರು. ಬೆಳಗ್ಗೆ ಹೊರಡುವ ಮುಂಚೆ ಅವರು ಮಾತ್ರ ರಾಗಿ ಅಂಬಲಿ ಕುಡಿದಿದ್ದರು, ನಾವು ಎರಡು ಸುತ್ತು ಕಾಫಿ. ಮನೆಗೆ ಬಂದು ನೋಡಿದರೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಿಸಿಗಾಳಿ ಸೂಚನೆಯಲ್ಲಿ ಓಆರ್‌ಎಸ್ ಪಕ್ಕದಲ್ಲೇ ಮಜ್ಜಿಗೆ, ಗಂಜಿ ತಿಳಿ, ನಿಂಬೆಹಣ್ಣಿನ ಪಾನಕ ಎಲ್ಲ ಇದೆ. ಕಾಫಿ ಟೀ ಬೇಡ ಎಂದಿದೆ. ಅತ್ತೆಗೆ ಓದಿ ಹೇಳಿದೆ. ‘ರಾಮನವಮಿಗೆ ಪಾನಕ ಮಜ್ಜಿಗೆ ಹಂಚೋದು ಯಾಕೆ ಅಂದ್ಕೊಂಡಿದ್ರಿ, ದೇವರಿಗೆ ಬಾಯಾರಿಕೆ ಅಂತಲಾ?’ ಎಂದರು. ಇದನ್ನು ಕನ್ನಡದಲ್ಲೇ ಹೇಳಿದರು, ನನಗೆ ಪೂರ್ತಿ ಅರ್ಥವಾಗಲಿ ಎಂದು. ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಬಿ.ಪಿ. ಇರುವುದರಿಂದ ಉಪ್ಪು ಎಷ್ಟೆಂಬುದನ್ನು ಅವರವರ ಡಾಕ್ಟರನ್ನು ಕೇಳಿ ಹಾಕುತ್ತೇವೆ. ಆ ವಿಷಯದಲ್ಲಿ ಮಾತ್ರ ಅತ್ತೆಯ ಕೈ ಸ್ವಲ್ಪ ಧಾರಾಳ.

ನನ್ನ ಖಾತೆ ಈಗ ಹೆಸರಿಗೆ ಮಾತ್ರ. ಸೀಸೆಗಳು ಅವರವರ ಹೆಗಲಿಗೆ ಹೋದವು, ಮಜ್ಜಿಗೆ ಅತ್ತೆಗೆ, ದಾರಿ ಹೆಂಡತಿಗೆ, ಟವೆಲ್ ಷಡ್ಡಕನಿಗೆ. ನನಗೆ ಕೊಟ್ಟಿರುವ ಹೊಸ ಕೆಲಸ ಮುಂದೆ ನಡೆಯುವುದು. ಅತಿ ನಿಧಾನದವನು ಮುಂದಿದ್ದರೆ ಮಿಕ್ಕವರೂ ಅವನ ಹೆಜ್ಜೆಗೇ ನಡೆಯಬೇಕು, ಯಾರೂ ಹಿಂದೆ ಉಳಿಯುವುದಿಲ್ಲ ಎಂಬುದು ಹೆಂಡತಿಯ ಲೆಕ್ಕಾಚಾರ. ನಾಯಕತ್ವ ಹೀಗೂ ಒದಗಿಬರುತ್ತದೆಂದು ನಾನು ಎಣಿಸಿರಲಿಲ್ಲ. ಹಿಂದಿನಿಂದ ಭಾವಮೈದ, ‘ಎತ್ತಿನಹೊಳೆ ಬಂತು, ದಾರಿ ಬಿಡಿ’ ಎಂದು ಕೂಗುತ್ತಿರುತ್ತಾನೆ.

ಆಷಾಢದ ಕಡೆಯ ಸೋಮವಾರ ನಂದಿಗಿರಿ ಪ್ರದಕ್ಷಿಣೆ ಇರುತ್ತದೆ. ಭೋಗನಂದೀಶ್ವರನಿಗೆ ಕೈಮುಗಿದು ಬೆಟ್ಟದ ಸುತ್ತ ಸಾವಿರಾರು ಜನ ನಡೆಯುತ್ತಾರೆ, ಊರೂರಿನವರು ದಾರಿಯಲ್ಲಿ ನೀರು ಮಜ್ಜಿಗೆ ಹಂಚುತ್ತಾರೆ. ಮಳೆಗಾಲವೆಂದು ನಂಬಬೇಡಿ, ನಮ್ಮ ಕಡೆ ಮೋಡ ಕೂಡ ಬಂದು ನೋಡಿಕೊಂಡು ಹೋಗುವುದೇ ಹೆಚ್ಚು. ಬನ್ನಿ. ಸೀಸೆ, ಟೋಪಿ ನಿಮ್ಮದೇ ತನ್ನಿ. ನೀವು ಚುರುಕಾಗಿ ನಡೆಯುವವರಾದರೆ ನಿಮ್ಮಲ್ಲಿ ಒಂದು ಬೇಡಿಕೆ: ಮರದ ಕೆಳಗೆ ಕೂತು ಕಾಯುತ್ತಿರುವಾಗ ಹಿಂದಿನವನು ಬಂದು ಸೇರಿದರೆ ‘ಬಂದ್ರಾ, ಹೊರಡೋಣ’ ಎನ್ನಬೇಡಿ. ಅವನು ಕೂತು, ನೀರು ಕುಡಿದು, ಎದ್ದು ‘ಸರಿ’ ಎನ್ನುವ ತನಕ ನೀವೂ ಕೂತಿರಿ.